ಮಾಲೆ ಹಾಕಿದ ಮೂರನೇ ರಾತ್ರಿ ಬಂದದ್ದು ಗಾಳಿಯಲ್ಲ

ಪ್ರಶ್ನೆ:

ಡಾಕ್ಟರೇ, ನಾವು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವರು. ನಮ್ಮ ಯಜಮಾನರಿಗೆ 42 ವರ್ಷ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾರೆ. ಹತ್ತು ಹನ್ನೆರಡು ವರ್ಷದಿಂದ ಕುಡಿಯುತ್ತಾರೆ. ಮೊದಲು ಸಂಜೆ ಮಾತ್ರ ಇತ್ತು. ಈಗ ಎರಡು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಬೇಕು. ಇಲ್ಲದಿದ್ದರೆ ಕೈ ನಡುಗಿ ಟೀ ಲೋಟ ಹಿಡಿಯಲು ಆಗಲ್ಲ. ದಿನಕ್ಕೆ 90 ಎಂ.ಎಲ್.ನ ನಾಲ್ಕು ಪ್ಯಾಕೆಟ್ ಆಗುತ್ತದೆ.

ಕಳೆದ ಕಾರ್ತಿಕದಲ್ಲಿ ಅವರೇ ಮನಸ್ಸು ಮಾಡಿ ಅಯ್ಯಪ್ಪ ಮಾಲೆ ಹಾಕಿದರು. ಅಂದಿನಿಂದ ಒಂದು ತೊಟ್ಟೂ ಮುಟ್ಟಲಿಲ್ಲ. ಮೊದಲ ದಿನ ಬೆವರು, ವಾಂತಿ. ಎರಡನೇ ರಾತ್ರಿ ನಿದ್ದೆಯೇ ಇಲ್ಲ. ಮೂರನೇ ರಾತ್ರಿ, ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂತ ಕೈಯಿಂದ ಒರೆಸಲು ಶುರು ಮಾಡಿದರು. ನನ್ನ ಗುರುತೂ ಸಿಗಲಿಲ್ಲ. ಚಾಪೆ ಮೇಲೆ ಕೂತು ಸ್ಟೀರಿಂಗ್ ತಿರುಗಿಸಿದ ಹಾಗೆ ಕೈ ಆಡಿಸುತ್ತಾ, ಗೇರ್ ಹಾಕುತ್ತಾ, "ಲೋಡ್ ಇಳಿಸ್ರೋ, ಕ್ಯೂ ಮುಂದಕ್ಕೆ ಹೋಯ್ತು" ಅಂತ ಕೂಗುತ್ತಿದ್ದರು. ಮೈ ಸುಡುತ್ತಿತ್ತು. ವ್ರತಕ್ಕೆ ಮೈಲಿಗೆ ಆಗಿದೆ, ಸ್ವಾಮಿ ಮುನಿದಿದ್ದಾರೆ ಅಂದರು ಕೆಲವರು. ಗಾಳಿ ಸೋಕಿದೆ ಅಂದರು ಇನ್ನು ಕೆಲವರು. ಮಾಲೆ ತೆಗೆಸಿ ತಾಯಿತ ಕಟ್ಟಿಸಿದೆವು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿದೆವು. ಕೊನೆಗೆ ನಮ್ಮ ಭಾವ ಅವರ ಬಾಯಿಗೆ ಒಂದಿಷ್ಟು ಬ್ರಾಂದಿ ಹುಯ್ದರು. ನಾಲ್ಕೈದು ದಿನಕ್ಕೆ ಸರಿಹೋದರು.

ಈಗ ಮತ್ತೆ ಕುಡಿಯುತ್ತಿದ್ದಾರೆ. "ಬಿಟ್ರೆ ಮತ್ತೆ ಹುಚ್ಚು ಹಿಡಿಯುತ್ತೆ" ಅಂತ ಹೆದರುತ್ತಾರೆ. ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಪುಡಿ ಇದೆ ಅಂತಾರೆ ಪಕ್ಕದ ಮನೆಯವರು. ರಾತ್ರಿ ಗಾಡಿಯಲ್ಲಿ ಬಂದು ಎತ್ತಿಕೊಂಡು ಹೋಗುವ ಸೆಂಟರ್‌ಗೆ ಹಾಕೋಣ ಅಂತಾನೆ ನನ್ನ ತಮ್ಮ. ನಮ್ಮ ಮಾವನವರೂ ಕುಡಿದೇ ಹೋದವರು. ನನ್ನ ಮಗನಿಗೆ 16 ವರ್ಷ. ಅವನಿಗೂ ರಕ್ತದಲ್ಲಿ ಬರುತ್ತಾ? ಇವರು ಮುಂದೆ ಮಾಲೆ ಹಾಕಬಹುದಾ?

— ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ:

ಅಮ್ಮಾ, ಮೊದಲು ತುರ್ತಿನ ಮಾತು. ನಿಮ್ಮ ಯಜಮಾನರು ಇನ್ನೊಂದು ಸಲ ಮನೆಯಲ್ಲಿ ದಿಢೀರನೆ ಕುಡಿತ ನಿಲ್ಲಿಸುವುದು ಬೇಡ. ಹಬ್ಬ ಬರಲಿ, ಆಣೆ ಪ್ರಮಾಣ ಆಗಲಿ, ಜಗಳವಾಗಿ ರೋಷದಲ್ಲಿ "ಇವತ್ತಿಂದ ಬಿಟ್ಟೆ" ಅನ್ನಲಿ, ಮೊದಲು ಆಸ್ಪತ್ರೆಗೆ ಬರಲಿ. ಕುಡಿಯಲಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಿಡಲೇಬೇಕು. ಆದರೆ ಅವರಂಥವರು ಬಿಡಬೇಕಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪುಡಿ, ಸೆಂಟರ್, ಮಗ, ಎಲ್ಲವನ್ನೂ ಕೇಳಿದ್ದೀರಿ. ಕೇಳದೆ ಬಿಟ್ಟ ಪ್ರಶ್ನೆ ಇನ್ನೊಂದಿದೆ ಅನಿಸಿತು. ದೇವರ ಹೆಸರಲ್ಲಿ ಒಳ್ಳೆ ದಾರಿಗೆ ಬಂದ ಮನುಷ್ಯನಿಗೆ ಹೀಗೇಕೆ ಆಯಿತು, ನಮ್ಮಿಂದ ಏನಾದರೂ ತಪ್ಪು ನಡೆಯಿತಾ ಅನ್ನುವ ಕೊರಗು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ತಪ್ಪು ನಡೆದಿಲ್ಲ. ಮೈಲಿಗೆಯೂ ಇಲ್ಲ, ಗಾಳಿಯೂ ಇಲ್ಲ. ಹುಚ್ಚು ಅಂತೂ ಖಂಡಿತ ಅಲ್ಲ. ನೀವು ಬರೆದದ್ದು ಒಂದು ಕಾಯಿಲೆಯ ವರ್ಣನೆ. ಡೆಲಿರಿಯಂ ಟ್ರೆಮೆನ್ಸ್ ಅಂತ ಅದರ ಹೆಸರು. ವಾರ್ಡಿನಲ್ಲಿ ಚಿಕ್ಕದಾಗಿ ಡಿ.ಟಿ. ಅನ್ನುತ್ತೇವೆ. ಥಾಮಸ್ ಸಟನ್ ಎಂಬ ಇಂಗ್ಲೆಂಡಿನ ವೈದ್ಯರು ಈ ಹೆಸರು ಕೊಟ್ಟದ್ದು 1813ರಲ್ಲಿ. ಅಷ್ಟು ಹಳೆಯದು, ಅಷ್ಟು ಚೆನ್ನಾಗಿ ಗೊತ್ತಿರುವ ಕಾಯಿಲೆ.

ಅದರ ಗಡಿಯಾರವೂ ಗೊತ್ತಿದೆ. ಕೊನೆಯ ಸಲ ಕುಡಿದು ಆರೆಂಟು ಗಂಟೆ ಕಳೆಯುವ ಹೊತ್ತಿಗೆ ನಡುಕ, ಬೆವರು, ವಾಂತಿ, ಎದೆ ಡವಡವ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನದ ನಡುವೆ ಡಿ.ಟಿ. ಶುರುವಾಗುತ್ತದೆ. ನಿಮ್ಮಲ್ಲಿ ಮೂರನೇ ರಾತ್ರಿ ಬಂತು, ಲೆಕ್ಕ ಸರಿಯಾಗಿ ಕೂಡುತ್ತದೆ. ಕುಡಿತ ನಿಲ್ಲಿಸಿದ ಎಲ್ಲರಿಗೂ ಇದು ಬರುವುದಿಲ್ಲ. ನಡುಕ ಬೆವರು ಕಾಣಿಸಿಕೊಂಡ ನೂರು ಜನರಲ್ಲಿ ಸುಮಾರು ಐದು ಮಂದಿ ಇಲ್ಲಿಯವರೆಗೆ ಹೋಗುತ್ತಾರೆ. ಹೋದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಜ್ವರ ಏರುತ್ತದೆ, ಮೈಯ ನೀರು ಬತ್ತುತ್ತದೆ, ಹೃದಯದ ಬಡಿತ ತಪ್ಪುತ್ತದೆ. ನಿಮ್ಮವರು ಉಳಿದುಕೊಂಡದ್ದು ನಿಮ್ಮ ಪುಣ್ಯ ಅಂತಲೇ ಹೇಳುತ್ತೇನೆ.

ಚಾಪೆ ಮೇಲೆ ಕೂತು ಟ್ರ್ಯಾಕ್ಟರ್ ಓಡಿಸುತ್ತಿದ್ದರು ಅಂತ ಬರೆದಿದ್ದೀರಿ. ಅದನ್ನು ಓದಿದ ಕೂಡಲೇ ನನಗೆ ಅನುಮಾನ ಉಳಿಯಲಿಲ್ಲ. ಡಿ.ಟಿ.ಯಲ್ಲಿರುವವರು ತಮ್ಮ ಕಸುಬಿನ ಕೆಲಸವನ್ನು ಬರಿಗೈಯಲ್ಲಿ ಮಾಡುತ್ತಾರೆ. ನಾನು ಓದುತ್ತಿದ್ದಾಗ ವಾರ್ಡಿನಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬರು ಇದ್ದರು. ರಾತ್ರಿಯೆಲ್ಲಾ ಎರಡು ಬೆರಳಲ್ಲಿ ಗಾಳಿಯಿಂದ ಎಳೆ ಹಿಡಿದು, ತುದಿ ಹುಡುಕಿ, ತುಂಡಾದ ಕಡೆ ಗಂಟು ಹಾಕುತ್ತಿದ್ದರು. ಗಂಟು ಬಿಗಿಯಾಯಿತಾ ಅಂತ ಎಳೆದೂ ನೋಡುತ್ತಿದ್ದರು. ಎದುರಿಗೆ ಕೂತ ಹೆಂಡತಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದರು. ಐದನೇ ದಿನ ಅವರೇ ಹೆಂಡತಿಯ ಹೆಸರು ಹಿಡಿದು ಕರೆದು, ಹಸಿವಾಗ್ತಿದೆ, ಇಡ್ಲಿ ತರಿಸು ಅಂದರು. ಗಾಳಿ ಮೆಟ್ಟಿಕೊಂಡವರು ಹೀಗೆ ಗಡಿಯಾರ ನೋಡಿಕೊಂಡು ಬಂದು ಹೋಗುವುದಿಲ್ಲ ಅಲ್ವಾ.

ಹಾಗಾದರೆ ಕುಡಿದಾಗ ಬಾರದ ಕಾಯಿಲೆ ಬಿಟ್ಟಾಗ ಬರುವುದು ಹೇಗೆ? ನಿಮ್ಮ ಕಡೆಯವರಿಗೆ ಆಲೆಮನೆಯನ್ನು ಪರಿಚಯ ಮಾಡಿಕೊಡಬೇಕಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಕೆಳಗೆ ಒಬ್ಬ ಒಲೆಗೆ ಸಿಪ್ಪೆ ಹಾಕುತ್ತಿದ್ದಾನೆ. ಈಗ ಇನ್ನೊಬ್ಬ ಪಕ್ಕದಲ್ಲಿ ನಿಂತು ದಿನವಿಡೀ ಕೊಪ್ಪರಿಗೆಗೆ ತಣ್ಣೀರು ಹುಯ್ಯುತ್ತಿದ್ದಾನೆ ಅಂದುಕೊಳ್ಳಿ. ಕುದಿ ಇಳಿಯುತ್ತದೆ. ಒಲೆಯವನು ಸುಮ್ಮನೆ ಕೂರುತ್ತಾನಾ? ಇನ್ನೂ ಜಾಸ್ತಿ ಸಿಪ್ಪೆ ಒಟ್ಟುತ್ತಾನೆ. ಅವನು ಒಟ್ಟಿದಷ್ಟೂ ಇವನು ಹುಯ್ಯುತ್ತಾನೆ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಮೇಲೆ ನೋಡಿದವರಿಗೆ ಕುದಿ ಹದವಾಗೇ ಕಾಣುತ್ತದೆ. ಒಂದು ದಿನ ತಣ್ಣೀರಿನವನು ಎದ್ದು ಹೊರಟುಬಿಟ್ಟ. ಒಲೆ ಹಾಗೇ ಧಗಧಗ ಉರಿಯುತ್ತಿದೆ. ಕೊಪ್ಪರಿಗೆ ಉಕ್ಕದೆ ಇರುತ್ತದಾ?

ಮಿದುಳಿನಲ್ಲಿ ನಡೆಯುವುದೂ ಇದೇ. ಅಲ್ಲಿ ಗಾಬಾ ಅನ್ನುವ ರಾಸಾಯನಿಕ ಶಾಂತ ಮಾಡುತ್ತದೆ. ಗ್ಲುಟಮೇಟ್ ಅನ್ನುವುದು ಉರಿ ಏರಿಸುತ್ತದೆ. ಮದ್ಯ ಗಾಬಾದ ಬಲ ಹೆಚ್ಚಿಸಿ ಗ್ಲುಟಮೇಟ್ ಅನ್ನು ಅದುಮುತ್ತದೆ. ಮಿದುಳು ಇದಕ್ಕೆ ಒಗ್ಗಿಕೊಳ್ಳಬೇಕಲ್ಲ, ಅದಕ್ಕೆ ತನ್ನ ಉರಿಯನ್ನು ತಾನೇ ಏರಿಸಿಕೊಳ್ಳುತ್ತದೆ. ಮೊದಲು ಒಂದು ಪ್ಯಾಕೆಟ್‌ಗೆ ಸಿಗುತ್ತಿದ್ದ ಅಮಲು ಆಮೇಲೆ ನಾಲ್ಕು ಹಾಕಿದರೂ ಸಿಗದಿರುವುದು ಇದೇ ಕಾರಣಕ್ಕೆ. "ನಮ್ಮೋರು ಎಷ್ಟು ಕುಡಿದ್ರೂ ಅಲ್ಲಾಡಲ್ಲ" ಅಂತ ಕೆಲವು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಗಾಬರಿ. ಒಲೆ ಎಷ್ಟು ಜೋರಾಗಿದೆ ಅನ್ನುವುದಕ್ಕೆ ಅದು ಗುರುತು.

ನಾಲ್ಕು ಪ್ಯಾಕೆಟ್ ಅಂದರೆ ಎಷ್ಟು ಅಂತಲೂ ನೋಡೋಣ. 360 ಎಂ.ಎಲ್. ಬ್ರಾಂದಿ, ಅದರಲ್ಲಿ ಆಲ್ಕೋಹಾಲ್ ಶೇ. 42.8. ತೂಕದಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ಲಿವರ್ ಗಂಟೆಗೆ ಎಂಟು ಹತ್ತು ಗ್ರಾಂ ಕರಗಿಸಿದರೆ ಹೆಚ್ಚು. ಅಷ್ಟನ್ನೂ ಖಾಲಿ ಮಾಡಲು ಅದಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಬೇಕು. ಅಂದರೆ ನಿಮ್ಮವರ ಲಿವರ್‌ಗೆ ರಜೆಯೇ ಇಲ್ಲ. ಬೆಳಗ್ಗೆ ರಕ್ತದಲ್ಲಿ ಮಟ್ಟ ಇಳಿಯುತ್ತಿದ್ದ ಹಾಗೇ ಕೈ ನಡುಗುತ್ತದೆ. ಒಂದು ಪ್ಯಾಕೆಟ್ ಬಿದ್ದರೆ ನಡುಕ ನಿಲ್ಲುತ್ತದೆ. ನಡುಕ ನಿಂತ ಕೈ ಸ್ಟೀರಿಂಗ್ ಹಿಡಿಯುತ್ತದೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಚಿಕಿತ್ಸೆ ಮುಗಿಯುವವರೆಗೆ ಟ್ರ್ಯಾಕ್ಟರ್ ಬೇಡ, ದಯವಿಟ್ಟು. ಕಬ್ಬಿನ ಲೋಡು ಹಿಂದೆ ಇಟ್ಟುಕೊಂಡು ಆ ರಸ್ತೆಯಲ್ಲಿ ಹೋಗುವಾಗ ಎದುರಿಗೆ ಶಾಲೆ ಮಕ್ಕಳು ಸೈಕಲ್ಲಿನಲ್ಲಿ ಬರುತ್ತಿರುತ್ತಾರೆ.

"ಇದು ಸಾರಾಯಿ ಅಲ್ಲ, ಸರ್ಕಾರದ ಮಾಲು, ಏನೂ ಆಗಲ್ಲ" ಅನ್ನುವವರು ಇನ್ನೂ ಇದ್ದಾರೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಈಗ ಪ್ಯಾಕೆಟ್‌ನಲ್ಲಿರುವುದು ಬ್ರಾಂದಿ, ವಿಸ್ಕಿ. ಲಿವರ್‌ಗೆ ಹೆಸರು ಗೊತ್ತಾಗುವುದಿಲ್ಲ, ಗ್ರಾಂ ಮಾತ್ರ ಗೊತ್ತಾಗುತ್ತದೆ.

ಇನ್ನು "ಮನಸ್ಸು ಗಟ್ಟಿ ಇಲ್ಲ" ಅನ್ನುವ ಮಾತು. ಇದನ್ನು ನೀವು ಬರೆದಿಲ್ಲ, ಆದರೆ ನಿಮ್ಮ ಸುತ್ತ ಇರುವವರು ಹೇಳಿರುತ್ತಾರೆ. ಮಾಲೆ ಹಾಕಿ ಮೂರು ದಿನ ಆ ನರಕ ಸಹಿಸಿದ ಮನುಷ್ಯನ ಮನಸ್ಸು ಗಟ್ಟಿ ಇರಲಿಲ್ಲ ಅನ್ನಬಹುದಾ? ಚಟ ಕೂರುವ ಜಾಗ ಮಿದುಳಿನ ಆಳದಲ್ಲಿದೆ. ಹಸಿದಾಗ ಊಟ, ಬಾಯಾರಿದಾಗ ನೀರು, ಮಗುವಿನ ನಗು, ಇವೆಲ್ಲ ಸಿಕ್ಕಾಗ ಅಲ್ಲಿ ಡೋಪಮೀನ್ ಅನ್ನುವ ರಾಸಾಯನಿಕ ಚಿಮ್ಮುತ್ತದೆ. "ಇದು ಮುಖ್ಯ, ನೆನಪಿಟ್ಟುಕೋ, ಮತ್ತೆ ಮಾಡು" ಅಂತ ಅದರ ಸಂದೇಶ. ಮದ್ಯ, ತಂಬಾಕು, ಗಾಂಜಾ, ನೋವಿನ ಮಾತ್ರೆಗಳ ದುರ್ಬಳಕೆ, ಒಂದೊಂದರದೂ ಬೇರೆ ಬೇರೆ ಬಾಗಿಲು. ಆದರೆ ಎಲ್ಲವೂ ಕೊನೆಗೆ ಬಂದು ಸೇರುವುದು ಇದೇ ಓಣಿಗೆ. ಊಟ ಕೊಡುವುದಕ್ಕಿಂತ ಜೋರಾಗಿ, ಬೇಗ, ಮತ್ತೆ ಮತ್ತೆ ಡೋಪಮೀನ್ ಚಿಮ್ಮಿಸುತ್ತವೆ. ದಿನ ಕಳೆದ ಹಾಗೆ ಆ ಜಾಗ ಮಂದವಾಗುತ್ತದೆ. ಮೊದಲು ಖುಷಿ ಕೊಡುತ್ತಿದ್ದ ಜಾತ್ರೆ, ಬಾಡೂಟ, ಮಕ್ಕಳ ಮಾತು ಸಪ್ಪೆ ಅನಿಸುತ್ತವೆ. ಕುಡಿದರೂ ಖುಷಿ ಇಲ್ಲ, ಕುಡಿಯದಿದ್ದರೆ ಬದುಕೇ ಇಲ್ಲ ಅನ್ನುವ ಸ್ಥಿತಿ. ಇದರ ಜೊತೆಗೆ ಹಣೆಯ ಹಿಂದಿರುವ ಮಿದುಳಿನ ಭಾಗವೂ ದುರ್ಬಲವಾಗುತ್ತದೆ. "ಬೇಡ, ತಡಿ" ಅನ್ನಬೇಕಾದ ಭಾಗ ಅದು.

ಆಮೇಲೆ ನೆನಪು. ಸೀಸನ್‌ನಲ್ಲಿ ಕಾರ್ಖಾನೆ ಮುಂದೆ ರಾತ್ರಿಯೆಲ್ಲಾ ಕ್ಯೂ ನಿಲ್ಲುತ್ತಾರೆ. ಚಳಿ, ಕಬ್ಬಿನ ವಾಸನೆ, ಜೊತೆಯವರ ಮಾತು. ಪ್ಯಾಕೆಟ್ಟಿನ ಮೂಲೆ ಹಲ್ಲಿನಲ್ಲಿ ಕಚ್ಚಿ ಹರಿಯುವ ಸಣ್ಣ ಸದ್ದು. ವರ್ಷ ಬಿಟ್ಟವರಿಗೂ ಆ ಸದ್ದು ಕಿವಿಗೆ ಬಿದ್ದರೆ ಬಾಯಲ್ಲಿ ನೀರೂರುತ್ತದೆ. ಇದು ಅವರು ಬೇಕೆಂದು ಮಾಡುವುದಲ್ಲ. ಅದಕ್ಕೇ ಆಸ್ಪತ್ರೆಯಿಂದ ಬಂದ ಮೊದಲ ಸೀಸನ್‌ನಲ್ಲಿ ಆ ಕ್ಯೂಗೆ ಕಳಿಸಬೇಡಿ ಅಂತ ನಾನು ಎಲ್ಲ ಚಾಲಕರ ಮನೆಯವರಿಗೂ ಹೇಳುತ್ತೇನೆ. ಹಗಲಿನ ಬೇರೆ ಕೆಲಸ ಹುಡುಕಿ.

ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿದ್ದರ ಬಗ್ಗೆ ಒಂದು ಮಾತು. ನೀವು ಒಳ್ಳೆಯದಕ್ಕೇ ಮಾಡಿದಿರಿ. ಆದರೆ ಇದು ಎಲ್ಲರಿಗೂ ಗೊತ್ತಿರಬೇಕು. ಜಾಸ್ತಿ ಕುಡಿಯುವವರು ಮುದ್ದೆ ಬಿಟ್ಟು ಖಾರಾಬೂಂದಿಯಲ್ಲೇ ದಿನ ಕಳೆಯುತ್ತಾರೆ. ತಿಂದದ್ದೂ ಮೈಗೆ ಹತ್ತುವುದಿಲ್ಲ. ಮೈಯಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1 ಬರಿದಾಗಿರುತ್ತದೆ. ಸಕ್ಕರೆಯನ್ನು ಶಕ್ತಿ ಮಾಡಿಕೊಳ್ಳಲು ಮಿದುಳಿಗೆ ಇದೇ ಬೇಕು. ಇರುವ ಚೂರುಪಾರನ್ನೂ ಗ್ಲೂಕೋಸ್ ಬಳಸಿಬಿಟ್ಟರೆ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಕಣ್ಣುಗುಡ್ಡೆ ಓಲಾಡುವುದು, ನಡಿಗೆ ತಪ್ಪುವುದು, ಗಲಿಬಿಲಿ, ಇವು ಅದರ ಲಕ್ಷಣ. ಆಗಲೂ ಹಿಡಿಯದಿದ್ದರೆ ನೆನಪು ಶಾಶ್ವತವಾಗಿ ಹೋಗಬಹುದು. ಬೆಳಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರದೆ, ಆ ಖಾಲಿ ಜಾಗಕ್ಕೆ ನಡೆಯದ ಕಥೆಯನ್ನು ಸೇರಿಸಿ ಹೇಳುವವರನ್ನು ನೋಡಿದ್ದೇನೆ. ಸುಳ್ಳು ಹೇಳುವ ಉದ್ದೇಶ ಅವರಿಗಿರುವುದಿಲ್ಲ. ಅದಕ್ಕೇ ಕುಡಿಯುವವರಿಗೆ ಡ್ರಿಪ್ ಹಾಕುವ ಮುಂಚೆ ಥಯಾಮಿನ್ ಇಂಜೆಕ್ಷನ್ ಬೇಕು. ಎಲ್ಲಿಗೇ ಹೋದರೂ "ಇವರು ದಿನಾ ಕುಡಿಯುತ್ತಿದ್ದರು, ನಿಲ್ಲಿಸಿ ಇಷ್ಟು ದಿನ ಆಯಿತು" ಅಂತ ಬಾಯಿಬಿಟ್ಟು ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಡಾಕ್ಟರಿಗೂ ದಾರಿ ತಪ್ಪುತ್ತದೆ.

ನಿಮ್ಮ ಭಾವ ಬ್ರಾಂದಿ ಹುಯ್ದದ್ದರಿಂದ ಉರಿ ಸ್ವಲ್ಪ ಇಳಿದಿರಬಹುದು. ಆದರೆ ಎಚ್ಚರ ತಪ್ಪಿದವರ ಬಾಯಿಗೆ ಹುಯ್ದದ್ದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿದ ಕೇಸುಗಳನ್ನು ನಾವು ನೋಡಿದ್ದೇವೆ. ಇನ್ನೊಂದು ಸಲ ಹಾಗಾದರೆ ಏನನ್ನೂ ಬಾಯಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಬರುವವರೆಗೆ ಮಗ್ಗುಲಾಗಿ ಮಲಗಿಸಿ, ದೀಪ ಆರಿಸಬೇಡಿ, ಗುರುತಿರುವ ಒಬ್ಬರೇ ಪಕ್ಕದಲ್ಲಿ ಮೆಲ್ಲಗೆ ಮಾತಾಡುತ್ತಿರಿ. ಕತ್ತಲೆ, ಗಲಾಟೆ, ಸುತ್ತ ಹತ್ತು ಮುಖ, ಇದರಿಂದ ಅವರ ಭಯ ಜಾಸ್ತಿಯಾಗುತ್ತದೆ.

ಈಗ ಪುಡಿಯ ವಿಷಯ. ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಗೋಡೆ ಮೇಲೆ, ಆಟೋ ಹಿಂದೆ "ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು" ಅಂತ ಬರೆದಿರುತ್ತಾರಲ್ಲ, ಪುಡಿಯೊಳಗೆ ಏನಿದೆ ಅಂತ ಅಲ್ಲಿ ಬರೆದಿರುವುದಿಲ್ಲ. ಹೀಗೆ ಗುಟ್ಟಾಗಿ ಬೆರೆಸುವುದರಲ್ಲಿ ಡೈಸಲ್ಫಿರಾಮ್ ಅನ್ನುವ ಔಷಧವೂ ಒಂದು. ಅದು ಒಳ್ಳೆಯ ಔಷಧವೇ, ನಾವೂ ಕೊಡುತ್ತೇವೆ. ಮದ್ಯ ಮೈಯಲ್ಲಿ ಕರಗುವಾಗ ನಡುವೆ ಒಂದು ವಿಷ ಹುಟ್ಟುತ್ತದೆ, ಅಸಿಟಾಲ್ಡಿಹೈಡ್. ಸಾಮಾನ್ಯವಾಗಿ ಲಿವರ್ ಅದನ್ನು ತಕ್ಷಣ ಕರಗಿಸಿಬಿಡುತ್ತದೆ. ಈ ಮಾತ್ರೆ ಅದನ್ನು ಕರಗಲು ಬಿಡುವುದಿಲ್ಲ. ಕುಡಿದ ಹತ್ತು ಹದಿನೈದು ನಿಮಿಷಕ್ಕೆ ಮುಖ ಕೆಂಪಾಗಿ, ವಾಂತಿ, ಎದೆ ಬಡಿತ, ಬಿ.ಪಿ. ಕುಸಿತ. ಗೊತ್ತಿದ್ದು ನುಂಗಿದವನು ಆ ಭಯಕ್ಕೇ ಕುಡಿಯುವುದಿಲ್ಲ, ಔಷಧದ ಕೆಲಸವೇ ಅದು. ಗೊತ್ತಿಲ್ಲದವನು ಕುಡಿದೇ ಕುಡಿಯುತ್ತಾನೆ. ಹೃದಯ ದುರ್ಬಲ ಇದ್ದರೆ ಸಾಯಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಉಳಿದಿರುತ್ತದೆ.

ಮದ್ದೂರು ಕಡೆಯ ಒಂದು ಮನೆಯಲ್ಲಿ ಸಾರಿಗೆ ಬೆರೆಸಿದ್ದರು. ಆತ ಮರುದಿನ ಬೀಗರೂಟಕ್ಕೆ ಹೋಗಿ, ಎಲ್ಲರ ಜೊತೆ ಎರಡು ಪೆಗ್ ಹಾಕಿ, ಎಲೆ ಮುಂದೆಯೇ ಕುಸಿದುಬಿದ್ದರು. ಬದುಕಿದರು. ಆದರೆ ಆಮೇಲೆ ಆರು ತಿಂಗಳು ಹೆಂಡತಿ ಬಡಿಸಿದ್ದನ್ನು ಬಾಯಿಗೆ ಇಡಲಿಲ್ಲ. ತಟ್ಟೆಯನ್ನು ಮೊದಲು ಮಗಳಿಗೆ ಕೊಟ್ಟು, ಅವಳು ತಿಂದ ಮೇಲೆ ತಾವು ತಿನ್ನುತ್ತಿದ್ದರು. ಚಿಕಿತ್ಸೆಗೆ ಬೇಕಾದದ್ದು ಅವರ ನಂಬಿಕೆ. ಅದೇ ಹೋದ ಮೇಲೆ ನಾನು ಏನು ಬರೆದುಕೊಡಲಿ?

ತಮ್ಮ ಹೇಳುವ ಸೆಂಟರ್ ಬಗ್ಗೆ ಇಷ್ಟು ತಿಳಿದುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ ನೋಂದಣಿ ಬೇಕು. ಸರಪಳಿ ಹಾಕುವುದು ಯಾವ ಕಾರಣಕ್ಕೂ ಕೂಡದು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರನ್ನು ದಾಖಲಿಸಲು ಕಾಯ್ದೆಯಲ್ಲೇ ದಾರಿ ಇದೆ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಬರೆಯಬೇಕು, ಮನೆಯವರ ಕೋರಿಕೆ ಬೇಕು. ರಾತ್ರಿ ಗಾಡಿಯಲ್ಲಿ ಎತ್ತಿಕೊಂಡು ಹೋಗುವುದು ಆ ದಾರಿ ಅಲ್ಲ. ನಿಮ್ಮವರ ವಿಷಯದಲ್ಲಂತೂ ಇದು ನೇರ ಅಪಾಯ. ಡಾಕ್ಟರ್ ಇಲ್ಲದ ಕೋಣೆಯಲ್ಲಿ ಮೂರನೇ ರಾತ್ರಿ ಮತ್ತೆ ಬಂದರೆ? ಎಲ್ಲ ಸೆಂಟರೂ ಕೆಟ್ಟವು ಅಂತಲ್ಲ. ಹೋಗಿ ನೋಡಿ. ನೋಂದಣಿ ಪತ್ರ ತೋರಿಸಿ ಅನ್ನಿ, ಡಾಕ್ಟರ್ ಯಾವಾಗ ಬರುತ್ತಾರೆ ಕೇಳಿ, ವಾರಕ್ಕೆ ಎಷ್ಟು ಸಲ ಭೇಟಿಗೆ ಬಿಡುತ್ತೀರಿ ಕೇಳಿ. ಮುಖ ಗಂಟು ಹಾಕಿಕೊಂಡರೆ ವಾಪಸ್ ಬನ್ನಿ.

ಹಾಗಾದರೆ ಮಾಡಬೇಕಾದದ್ದು ಏನು? ಅವರು ಕುಡಿಯದೆ ಸ್ವಲ್ಪ ತಿಳಿಯಾಗಿರುವ ಹೊತ್ತು ನೋಡಿ, ಈ ಉತ್ತರವನ್ನು ಓದಿ ಹೇಳಿ. "ಹುಚ್ಚು ಹಿಡಿಯುತ್ತೆ" ಅನ್ನುವ ಭಯಕ್ಕೇ ಅವರು ಕುಡಿಯುತ್ತಿದ್ದಾರೆ. ಆ ರಾತ್ರಿ ಬಾರದ ಹಾಗೆ ಬಿಡಿಸಲು ಆಗುತ್ತದೆ ಅಂತ ಗೊತ್ತಾದರೆ ಅರ್ಧದಷ್ಟು ಜನ ಅವರಾಗಿಯೇ ಎದ್ದು ಬರುತ್ತಾರೆ. ಇದು ನನ್ನ ಓ.ಪಿ.ಡಿ.ಯ ಅನುಭವ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡೂ ಕಡೆ ಮನೋವೈದ್ಯ ವಿಭಾಗ ಇದೆ. ಹೋಗುವ ದಿನದವರೆಗೆ ದಿಢೀರನೆ ನಿಲ್ಲಿಸದೆ, ಹೆಚ್ಚಿಸದೆ ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ. ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ಚೀಟಿಗಳೆಲ್ಲ ಜೊತೆಗಿರಲಿ.

ಅಲ್ಲಿ ಮಾಡುವುದು ಒಲೆಯ ಕೆಲಸವೇ. ತಣ್ಣೀರಿನವನ ಜಾಗದಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೋರಾಜೆಪಾಮ್ ಮಾತ್ರೆ ನಿಲ್ಲುತ್ತದೆ. ಲಿವರ್ ಹಾಳಾಗಿದ್ದರೆ ಲೋರಾಜೆಪಾಮ್ ವಾಸಿ. ಮೊದಲ ದಿನ ಜಾಸ್ತಿ, ಆಮೇಲೆ ದಿನ ದಿನಕ್ಕೂ ಇಳಿಸುತ್ತಾ ವಾರ ಹತ್ತು ದಿನದಲ್ಲಿ ನಿಲ್ಲಿಸುತ್ತೇವೆ. ಅಷ್ಟರಲ್ಲಿ ಒಲೆಯ ಉರಿ ತಾನೇ ತಗ್ಗಿರುತ್ತದೆ. ಜೊತೆಗೆ ಥಯಾಮಿನ್. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ನೀವೇ ಕೊಡಬೇಡಿ. ಇವುಗಳ ಮೇಲೆ ಕುಡಿದರೆ ಉಸಿರು ನಿಲ್ಲಬಹುದು. ಡಾಕ್ಟರ್ ಹೇಳಿದ ದಿನ ಮೀರಿ ಎಳೆದರೆ ಮಾತ್ರೆಯೇ ಚಟವಾಗಬಹುದು. ಫಿಟ್ಸ್, ಡಿ.ಟಿ. ಯಾವತ್ತೂ ಬಾರದ, ಕಡಿಮೆ ಕುಡಿಯುವ ಕೆಲವರಿಗೆ ಮನೆಯಲ್ಲೇ ಇದ್ದು, ದಿನಾ ತೋರಿಸಿಕೊಂಡು ಹೋಗಲು ಬಿಡುತ್ತೇವೆ. ನಿಮ್ಮವರು ಆ ಪೈಕಿ ಅಲ್ಲ. ಒಮ್ಮೆ ಡಿ.ಟಿ. ಬಂದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಬರುವ ಸಂಭವ ಇದೆ.

ಹತ್ತು ದಿನ ಕಳೆದು ಮುಖದಲ್ಲಿ ಕಳೆ ಬಂದು, ಕೈ ನಿಂತು ಮನೆಗೆ ಬರುತ್ತಾರೆ. ಎಲ್ಲರೂ ಸರಿಹೋಯಿತು ಅಂದುಕೊಳ್ಳುತ್ತಾರೆ. ಹೆಚ್ಚಿನವರು ಜಾರುವುದು ಇಲ್ಲೇ. ನಡುಕ ಹೋಗಿದೆ, ಆ ಡೋಪಮೀನ್ ಓಣಿ ಇನ್ನೂ ಹಾಗೇ ಇದೆ. ಅದು ತಿಳಿಯಾಗಲು ತಿಂಗಳುಗಟ್ಟಲೆ ಬೇಕು. ಆ ಸಮಯಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನುವ ಔಷಧಗಳಿವೆ. ಕುಡಿಯಬೇಕು ಅನ್ನುವ ಸೆಳೆತವನ್ನು ಕಡಿಮೆ ಮಾಡುತ್ತವೆ. ನಾಲ್ಟ್ರೆಕ್ಸೋನ್ ಕೊಡುವ ಮುಂಚೆ ಲಿವರ್ ಪರೀಕ್ಷೆ, ಅಕಾಂಪ್ರೊಸೇಟ್‌ಗೆ ಕಿಡ್ನಿ ಪರೀಕ್ಷೆ ಬೇಕು. ಅವರೇ ಒಪ್ಪಿ, ನಿಮ್ಮ ಎದುರಿಗೆ ನುಂಗುವುದಾದರೆ ಡೈಸಲ್ಫಿರಾಮ್ ಕೂಡ ಆಗಬಹುದು. ಮೈಸೂರಿನಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳು, ಅಂದರೆ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಸೇರಿ ಒಬ್ಬರಿಗೊಬ್ಬರು ಬಲ ಕೊಡುವ ಕೂಟಗಳು ನಡೆಯುತ್ತವೆ, ದುಡ್ಡು ಕೊಡಬೇಕಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರಗಳ ಬಗ್ಗೆ ಕೇಳಿರುತ್ತೀರಿ. ಜೊತೆಗಾರರ ಬಲ ಅಲ್ಲಿ ಚೆನ್ನಾಗಿ ಸಿಗುತ್ತದೆ. ಆದರೆ ನಿಮ್ಮ ಯಜಮಾನರು ಮೊದಲು ಆಸ್ಪತ್ರೆ, ಆಮೇಲೆ ಶಿಬಿರ. ಸೇರಿಸುವಾಗ ಹಳೆಯ ಮೂರನೇ ರಾತ್ರಿಯ ವಿಷಯ ಮುಚ್ಚಿಡಬೇಡಿ.

ಮತ್ತೆ ಒಂದು ದಿನ ಕುಡಿದು ಬಂದರೆ? ಬರಬಹುದು. ಚಿಕಿತ್ಸೆ ತೆಗೆದುಕೊಂಡ ನೂರರಲ್ಲಿ 40ರಿಂದ 60 ಮಂದಿ ಒಂದಲ್ಲ ಒಂದು ಸಲ ಜಾರುತ್ತಾರೆ. ಆ ರಾತ್ರಿ ಜಗಳ ಬೇಡ, ಮರುದಿನವೇ ಕರೆದುಕೊಂಡು ಬನ್ನಿ. "ಅಷ್ಟು ಖರ್ಚು ಮಾಡಿದ್ದೆಲ್ಲಾ ನೀರಲ್ಲಿ ಹೋಯ್ತು" ಅಂತ ಆರು ತಿಂಗಳು ಮನೆಯಲ್ಲೇ ಇಟ್ಟುಕೊಳ್ಳುವುದರಿಂದ ಹಾನಿ ಜಾಸ್ತಿ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಕಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಮದ್ಯದ ಚಟ ಅಂಟಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ತಾಯಿತ, ಪುಡಿ, ಬೈಗುಳ, ಅಳು ಇಷ್ಟೇ ಇರುತ್ತದೆ.

ಮಗನ ಬಗ್ಗೆ. ಚಟದ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆ ಅಂತ ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಅಜ್ಜ, ಅಪ್ಪ ಇಬ್ಬರೂ ಕುಡಿದವರಾದ್ದರಿಂದ ನಿಮ್ಮ ಹುಡುಗನಿಗೆ ಬೇರೆಯವರಿಗಿಂತ ಅಪಾಯ ಜಾಸ್ತಿ, ಇದನ್ನು ಮುಚ್ಚಿಡುವುದಿಲ್ಲ. ಆದರೆ ರಕ್ತದಲ್ಲಿ ಬರುವುದು ಒಲವು. ಶುರು ಮಾಡದವನಿಗೆ ಚಟ ಹತ್ತುವುದಿಲ್ಲ. "ಬೇಡ, ತಡಿ" ಅನ್ನುವ ಆ ಹಣೆಯ ಹಿಂದಿನ ಭಾಗ ಪೂರ್ತಿ ಬೆಳೆಯುವುದು 25ರ ಹೊತ್ತಿಗೆ. ಅದಕ್ಕೆ ಮುಂಚೆ ಶುರು ಮಾಡಿದವರಿಗೆ ಚಟ ಬೇಗ ಅಂಟುತ್ತದೆ. ಮದ್ಯ ಒಂದೇ ಅಲ್ಲ, ಕಾಲೇಜು ಹತ್ತಿರದ ತಂಬಾಕು ಪೊಟ್ಟಣ, ಗಾಂಜಾ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. "ಗಾಂಜಾ ಸೊಪ್ಪು ತಾನೇ, ಏನಾಗುತ್ತೆ" ಅನ್ನುವ ಹುಡುಗರು ನನ್ನ ಹತ್ತಿರ ಬರುತ್ತಾರೆ. ಹದಿಹರೆಯದಲ್ಲಿ ದಿನಾ ಸೇದಿದವರಿಗೆ, ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನುವಂಥ ಭ್ರಮೆಯ ಕಾಯಿಲೆ ಬರುವ ಅಪಾಯ ಹೆಚ್ಚು. ಮಗನನ್ನು ಕೂರಿಸಿಕೊಂಡು, ಅಪ್ಪನಿಗೆ ಆ ರಾತ್ರಿ ಏನಾಯಿತು ಅಂತ ನೇರವಾಗಿ ಹೇಳಿ. ಅವನೂ ಅದನ್ನು ನೋಡಿದ್ದಾನೆ, ಅವನ ಮನಸ್ಸಿನಲ್ಲೂ ಗಾಳಿ, ಮೈಲಿಗೆ ಅನ್ನುವ ಮಾತುಗಳೇ ಕೂತಿರುತ್ತವೆ. ಅಪ್ಪನಿಗೆ ಪ್ಯಾಕೆಟ್ ತರಲು ಅವನನ್ನು ಅಂಗಡಿಗೆ ಕಳಿಸುತ್ತಿದ್ದರೆ ಇವತ್ತೇ ನಿಲ್ಲಿಸಿ.

ಕೈಮಾಡುತ್ತಾರೆ ಅಂತ ನೀವು ಬರೆದಿಲ್ಲ. ಹಾಗಿದ್ದರೆ ಕಾಯಿಲೆ ಅಂತ ಸಹಿಸಿಕೊಂಡು ಕೂರಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನಿಮಗೇ ನಿದ್ದೆ ಬಾರದ ರಾತ್ರಿ, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನಿಸಿದರೆ 14416. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಪ್ರಶ್ನೆ, ಮಾಲೆ. ಹಾಕಬಹುದು ಅಮ್ಮಾ, ಖಂಡಿತ ಹಾಕಲಿ. ಬಿಡಬೇಕು ಅನ್ನುವ ಮನಸ್ಸು ಅವರಿಗೆ ಬಂದದ್ದೇ ಅದರಿಂದ. 41 ದಿನದ ನೇಮ, ಬೆಳಗಿನ ಜಾವದ ಸ್ನಾನ, ಸಂಜೆ ಭಜನೆಯ ಜೊತೆಗಾರರು, ಸ್ವಾಮಿ ಅಂತ ಊರವರು ಕೊಡುವ ಮರ್ಯಾದೆ, ನಾನು ಬರೆದುಕೊಡಲು ಆಗದ ಔಷಧ ಇವೆಲ್ಲ. ಮಾಲೆ ಹಾಕುವ ದಿನಕ್ಕೆ ಒಂದು ತಿಂಗಳ ಮುಂಚೆಯೇ ಆಸ್ಪತ್ರೆಗೆ ಸೇರಿಸಿ. ಕುಡಿತ ಅಲ್ಲಿ ನಿಲ್ಲಲಿ, ಮೈ ಚೇತರಿಸಿಕೊಳ್ಳಲಿ, ಆಮೇಲೆ ಗುರುಸ್ವಾಮಿಗಳ ಹತ್ತಿರ ಹೋಗಲಿ. ಗುರುಸ್ವಾಮಿಗಳಿಗೂ ವಿಷಯ ಹೇಳಿ. ವ್ರತದಲ್ಲಿದ್ದೇನೆ ಅಂತ ಮಾತ್ರೆ ಬಿಡುವುದು ಬೇಡ. ಪಂಪೆಯಿಂದ ಬೆಟ್ಟ ಹತ್ತುವ ಮುಂಚೆ ಹೃದಯ, ಬಿ.ಪಿ. ಒಮ್ಮೆ ತೋರಿಸಿಕೊಂಡು ಹೋಗಲಿ. ಇರುಮುಡಿ ತಲೆ ಮೇಲಿರುತ್ತದೆ, ಮಾತ್ರೆ ಹೆಗಲ ಚೀಲದಲ್ಲಿರಲಿ.